‘ಮನೆಯಲ್ಲೇ ಮಾಡಿದ ಪೈ’ ಬೋರ್ಡು ನೋಡಿ ಗಾಡಿ ನಿಲ್ಲಿಸಬೇಡಿ, ಮೊದಲು ಇದನ್ನು ಓದಿ

ಹೆದ್ದಾರಿ ಪಕ್ಕದ ಹೋಟೆಲು, ಮುಂದೆ ದೊಡ್ಡಕ್ಷರದಲ್ಲಿ ‘ಮನೆಯಲ್ಲೇ ಮಾಡಿದ ಪೈ’. ಪೈ ಅಂದರೆ ಮೈದಾ-ಬೆಣ್ಣೆಯ ಕಣಕದೊಳಗೆ ಹಣ್ಣಿನಂಥ ಹೂರಣ ತುಂಬಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ಟೇಬಲ್ಲಿಗೆ ಬಂದದ್ದು ಫ್ಯಾಕ್ಟರಿ ಮಾಲು. ಫೋರ್ಕ್ ಒತ್ತಿದರೆ ಆಪಲ್ ಪೈಯ ತಳ ಒದ್ದೆ ರಟ್ಟಿನ ಹಾಗೆ ಬಾಗಿತು. ಅಂಚು ನಾಲಿಗೆ ಸುಡುವಷ್ಟು ಬಿಸಿ, ನಡುವಿನ ಹೂರಣ ಫ್ರಿಜ್‌ನ ತಣ್ಣಗೆ. ಇದು ಮೈಕ್ರೊವೇವ್ ಕೆಲಸ, ಅನುಮಾನವೇ ಬೇಡ. ಅದರಲ್ಲಿಟ್ಟರೆ ಹೂರಣದ ನೀರು ಆವಿಯಾಗಿ ಕಣಕಕ್ಕೆ ಹತ್ತುತ್ತೆ, ಗರಿಗರಿ ಹೋಗಿ ಮೆತ್ತಗಾಗುತ್ತೆ. ಓವನ್ನಿನಲ್ಲಿ 175 ಡಿಗ್ರಿಗೆ 10–15 ನಿಮಿಷ ಇಡುವಷ್ಟೂ ವ್ಯವಧಾನ ಇಲ್ಲ ಇವರಿಗೆ.

ಕೇಳಿದರೆ ಮೊದಲ ಉತ್ತರ: ‘ಈಗಷ್ಟೇ ಓವನ್ನಿಂದ ತೆಗೆದದ್ದು ಸಾರ್.’

ಸುಳ್ಳು. ಹಣ್ಣಿನ ಪೈ ಸುಮಾರು 200 ಡಿಗ್ರಿಯಲ್ಲಿ 50–60 ನಿಮಿಷ ಬೇಯಬೇಕು. ನಡುಭಾಗದಲ್ಲೂ ರಸ ಕುದ್ದು ಗುಳ್ಳೆ ಬರಬೇಕು, ಇಲ್ಲದಿದ್ದರೆ ಹೂರಣಕ್ಕೆ ಹಾಕಿದ ಕಾರ್ನ್‌ಫ್ಲೋರ್ ಗಟ್ಟಿಯಾಗಲ್ಲ. ಆಮೇಲೂ 3–4 ಗಂಟೆ ಆರಬೇಕು. ಆಗಷ್ಟೇ ತೆಗೆದ ಪೈ ಕೊಯ್ದರೆ ರಸ ತಟ್ಟೆ ತುಂಬ ಹರಿಯುತ್ತೆ. ಅಳತೆ ಹಿಡಿದು ಕತ್ತರಿಸಿದ ಹಾಗೆ ಅಲುಗದೆ ನಿಂತ ತುಂಡು ‘ಈಗಷ್ಟೇ’ ತೆಗೆದದ್ದು ಹೇಗಾಗುತ್ತೆ?

ಕಣಕ ಇಲ್ಲೇ ಲಟ್ಟಿಸಿದ್ದಾ ಅಂದಾಗ ಮ್ಯಾನೇಜರ್ ಬಂದರು. ‘ಶೆಲ್, ಅಂದ್ರೆ ಕಣಕದ ಬಟ್ಟಲು, ಹೊರಗಿಂದ ಬರುತ್ತೆ, ಹೂರಣ ಡಬ್ಬಿಯದು, ಆದರೆ ಬೇಯಿಸೋದು ಇಲ್ಲೇ ಅಲ್ವಾ? ಎಲ್ಲಾ ಕಡೆನೂ ಹೀಗೇ ಸಾರ್.’ ಎಲ್ಲಾ ಕಡೆನೂ ಹೀಗೇ ಅಂತೆ! ಮುಖದ ಮೇಲೆ ಒಂದಿಷ್ಟೂ ಅಳುಕಿಲ್ಲ. ಪಕ್ಕದ ಟೇಬಲ್ಲಿನವರೆಲ್ಲ ತಿರುಗಿ ನೋಡುತ್ತಿದ್ದಾರೆ, ಜಗಳಗಂಟರು ನಾವೇ ಅನ್ನೋ ಹಾಗೆ. ದುಡ್ಡು ವಾಪಸ್ ಕೇಳಿದರೆ, ‘ಮುಟ್ಟಿದ ಮೇಲೆ ಆಗಲ್ಲ.’ ಮುಟ್ಟದೆ ಗೊತ್ತಾಗೋದು ಹೇಗೆ? ಡಬ್ಬಿ ಬಿಚ್ಚಿ ಸುರಿದದ್ದಕ್ಕೆ ಕೈಯಾರೆ ಮಾಡಿದ ಪೈಯ ರೇಟು!

ಕೈಯಾರೆ ಮಾಡೋದು ಸುಲಭ ಅಲ್ಲ, ಅದಕ್ಕೇ ಇಷ್ಟು ಸಿಟ್ಟು. ತೂಕದಲ್ಲಿ 3 ಪಾಲು ಮೈದಾ, 2 ಪಾಲು ಬೆಣ್ಣೆ, 1 ಪಾಲು ತಣ್ಣೀರು. ಬೆಣ್ಣೆ ಗಟ್ಟಿಯಾಗಿ, ಬಟಾಣಿ ಗಾತ್ರದ ಚೂರುಗಳಾಗಿ ಹಿಟ್ಟಿನಲ್ಲಿ ಉಳಿಯಬೇಕು, ಪದರ ಬರೋದೇ ಅದರಿಂದ. ಕರಗಿ ಹಿಟ್ಟಿನ ಜೊತೆ ಬೆರೆತುಹೋದರೆ ಪದರ ಏಳಲ್ಲ. ಇಷ್ಟು ಕಷ್ಟಪಟ್ಟು ನಿಜವಾಗಿ ಮಾಡುವವರ ಹೆಸರು ಕೆಡಿಸೋದು ಇಂಥವರೇ.

ಆರ್ಡರ್ ಮಾಡುವ ಮುಂಚೆ ಇಡೀ ಪೈ ತೋರಿಸಿ ಅನ್ನಿ. ಅಂಚಿನ ಮಡಿಕೆ ಎಲ್ಲಾ ಪೈಗಳಲ್ಲೂ ಒಂದೇ ಅಳತೆಯಲ್ಲಿದ್ದರೆ, ಹಣ್ಣಿನ ಹೋಳುಗಳೆಲ್ಲ ಒಂದೇ ಚೌಕವಾಗಿದ್ದರೆ ಅದು ಮೆಷಿನ್ನಿನದು. ಕೈಯಲ್ಲಿ ಮಾಡಿದ್ದರಲ್ಲಿ ಹೋಳು ಹೆಚ್ಚುಕಡಿಮೆ ಇರುತ್ತೆ, ಅಂಚಿನಲ್ಲಿ ಎಲ್ಲಾದರೂ ರಸ ಉಕ್ಕಿ ಕಪ್ಪಾಗಿರುತ್ತೆ.

ಮೊಟ್ಟೆ-ಹಾಲಿನ ಕಸ್ಟರ್ಡ್ ಪೈ, ಕ್ರೀಮ್ ಪೈ ಫ್ರಿಜ್ ಇಲ್ಲದೆ ಕೌಂಟರ್ ಮೇಲೆ ಕೂತಿದ್ದರೆ ಮುಟ್ಟಲೇಬೇಡಿ. 2 ಗಂಟೆಗಿಂತ ಹೆಚ್ಚು ಹೊರಗಿದ್ದರೆ ಅಪಾಯ, ಸೆಕೆ 32 ಡಿಗ್ರಿ ದಾಟಿದ್ದರೆ ಒಂದೇ ಗಂಟೆ. ಪ್ರಯಾಣದ ನಡುವೆ ಹೊಟ್ಟೆ ಕೆಟ್ಟರೆ ಆ ಮ್ಯಾನೇಜರ್ ಬರಲ್ಲ.

‘ಕಣಕ ಯಾರು ಲಟ್ಟಿಸಿದ್ದು?’ ಅಂತ ನೇರವಾಗಿ ಕೇಳಿ. ‘ಇಲ್ಲೇ ಬೇಯಿಸಿದ್ದು’ ಅಂತ ಬಂತೋ, ಟೀ ಕುಡಿದು ಎದ್ದುಬಿಡಿ.