ಜಿಮ್ಮಿ ಸ್ಕಾಟ್ ಅವರ ಧ್ವನಿಮುದ್ರಿಕೆಗಳು: ಹತ್ತು ವರ್ಷ ಕೇಳಿದ ಮೇಲೆ

ಅಮೆರಿಕದ ಜಾಝ್ ಗಾಯಕ ಜಿಮ್ಮಿ ಸ್ಕಾಟ್ ಅವರ ಹಾಡನ್ನು ಮೊದಲ ಸಲ ಕೇಳಿದವರಿಗೆ, ಹಾಡುತ್ತಿರುವುದು ಹೆಣ್ಣೋ ಗಂಡೋ ಎಂಬ ಸಂದೇಹವೇ ಮೊದಲು ಹುಟ್ಟುತ್ತದೆ. ನನಗೂ ಹುಟ್ಟಿತ್ತು, ವಾರದೊಳಗೆ ಮರೆತೂ ಹೋಯಿತು. ಹತ್ತು ವರ್ಷಗಳಿಗೂ ಹೆಚ್ಚು ಕಾಲ ಅವರ ಧ್ವನಿಮುದ್ರಿಕೆಗಳನ್ನು ಕೇಳುತ್ತ ಬಂದ ಮೇಲೂ ಉತ್ತರ ಸಿಗದೆ ಉಳಿದಿರುವ ಪ್ರಶ್ನೆ ಬೇರೆಯದು. ತಾಳ ಮುಂದೆ ಹೋಗಿಬಿಟ್ಟ ಮೇಲೆ ಪದವನ್ನು ನಿಧಾನವಾಗಿ ಎತ್ತಿಕೊಳ್ಳುವ ಈ ಗಾಯಕರು ಒಮ್ಮೆಯೂ ದಾರಿ ತಪ್ಪದಿರುವುದು ಹೇಗೆ? ನಾನು ಹಣ ಕೊಟ್ಟು ಕೊಂಡು ಮತ್ತೆ ಮತ್ತೆ ಕೇಳಿದ ಮೂರು ಆಲ್ಬಮ್‌ಗಳ ಬಗ್ಗೆ ಇಲ್ಲಿ ವಿವರವಾಗಿ ಬರೆಯುತ್ತೇನೆ. ಉಳಿದವುಗಳ ಬಗ್ಗೆ ಕೊಳ್ಳುವವರಿಗೆ ಬೇಕಾದಷ್ಟು ಮಾತ್ರ ಹೇಳುತ್ತೇನೆ.

1925ರ ಜುಲೈ 17ರಂದು ಅಮೆರಿಕದ ಒಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಹುಟ್ಟಿದ ಸ್ಕಾಟ್ ಅವರಿಗೆ ಕಾಲ್‌ಮನ್ ಸಿಂಡ್ರೋಮ್ ಎಂಬ ಆನುವಂಶಿಕ ತೊಂದರೆ ಇತ್ತು. ಹರೆಯದಲ್ಲಿ ದೇಹದಲ್ಲಿ ಆಗಬೇಕಾದ ಬದಲಾವಣೆಗಳನ್ನು ಈ ತೊಂದರೆ ತಡೆಯುವುದರಿಂದ ಅವರ ದನಿ ಒಡೆಯಲೇ ಇಲ್ಲ. ಮೂವತ್ತು ದಾಟಿದ ಮೇಲೂ ಅವರ ಎತ್ತರ 4 ಅಡಿ 11 ಅಂಗುಲದಷ್ಟೇ ಇತ್ತು. ಆದರೆ ಇದನ್ನು ಬಾಲಕನ ಕಂಠವೆಂದು ಕರೆಯಲು ನನಗೆ ಮನಸ್ಸಿಲ್ಲ. ಎತ್ತರದ ಸ್ಥಾಯಿಯಲ್ಲಿದ್ದರೂ ಅದರಲ್ಲಿ ಬದುಕು ಕಂಡವರ ಭಾರವಿದೆ, ಪದದ ಕೊನೆಯಲ್ಲಿ ಸಣ್ಣದೊಂದು ಒರಟುತನವಿದೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠವನ್ನು ಮೊದಲು ಗಂಡಸಿನದೆಂದು ತಿಳಿದು, ಮರುಕ್ಷಣವೇ ಆ ವಿಷಯ ಮರೆತು ರಾಗದೊಳಗೆ ಇಳಿದ ಅನುಭವ ನಮ್ಮಲ್ಲಿ ಅನೇಕರಿಗಿದೆ. ಸ್ಕಾಟ್ ಅವರನ್ನು ಕೇಳುವಾಗ ಅದೇ ಅನುಭವ ತಿರುವುಮುರುವಾಗಿ ಬರುತ್ತದೆ.

ಈ ಗಾಯಕರಿಗೆ ಸಲ್ಲಬೇಕಾದ ಹೆಸರು ಮೊದಲಿನಿಂದಲೂ ಬೇರೆಯವರ ಪಾಲಾಯಿತು. ಲಯನೆಲ್ ಹ್ಯಾಂಪ್ಟನ್ ಅವರ ವಾದ್ಯವೃಂದದಲ್ಲಿ ಹಾಡುತ್ತಿದ್ದಾಗ 1950ರಲ್ಲಿ ಜನಪ್ರಿಯವಾದ ‘ಎವೆರಿಬಡೀಸ್ ಸಂಬಡೀಸ್ ಫೂಲ್’ ಹಾಡಿನ ತಟ್ಟೆಯ ಮೇಲೆ ವಾದ್ಯವೃಂದದ ಹೆಸರಿತ್ತು, ಹಾಡಿದವರ ಹೆಸರಿರಲಿಲ್ಲ. ನ್ಯೂಯಾರ್ಕ್‌ನ ಬರ್ಡ್‌ಲ್ಯಾಂಡ್ ಕ್ಲಬ್ಬಿನಲ್ಲಿ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಪಾರ್ಕರ್ ಅವರ ತಂಡದೊಡನೆ ಸ್ಕಾಟ್ ಹಾಡಿದ ‘ಎಂಬ್ರೇಸಬಲ್ ಯೂ’ ಮುಂದೆ ಆಲ್ಬಮ್ ಆಗಿ ಬಂದಾಗ, ಅದನ್ನು ಹಾಡಿದವರು ಚಬ್ಬಿ ನ್ಯೂಸಮ್ ಎಂಬ ಗಾಯಕಿಯೆಂದು ಅಚ್ಚಾಯಿತು. ಆ ಮುದ್ರಣದಲ್ಲಿ ಸದ್ದುಗದ್ದಲ ಹೆಚ್ಚು, ವಾದ್ಯಗಳು ಸ್ಪಷ್ಟವಾಗಿಲ್ಲ. ಹಾಗಿದ್ದರೂ ಇಪ್ಪತ್ತೈದರ ಆಸುಪಾಸಿನ ಸ್ಕಾಟ್ ಆಗಲೇ ಪದವನ್ನು ತಡೆಹಿಡಿದು ಬಿಡುವುದನ್ನು ಕೇಳಿಸಿಕೊಳ್ಳಬಹುದು.

ಆ ತಡೆಯುವಿಕೆಯ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ಈ ಧ್ವನಿಮುದ್ರಿಕೆಗಳು ಹಿಡಿಸುವುದೂ ಹಿಡಿಸದಿರುವುದೂ ಅದರ ಮೇಲೆಯೇ ನಿಂತಿದೆ. ವಿಳಂಬ ಖ್ಯಾಲ್ ಕೇಳಿ ಬೆಳೆದ ನನ್ನಂಥವರ ಕಿವಿ, ಗಾಯಕರು ಎಲ್ಲಿಗೆ ಹೋದರೂ ಸಮ್‌ಗೆ, ಅಂದರೆ ತಾಳದ ಆವರ್ತದ ಮೊದಲ ಮಾತ್ರೆಗೆ, ಬಂದು ಸೇರುತ್ತಾರೆಂದು ಕಾಯುತ್ತಿರುತ್ತದೆ. ಸ್ಕಾಟ್ ಹಾಗೆ ಬಂದು ಸೇರುವುದಿಲ್ಲ. ಬಾಸ್ (ಮಂದ್ರ ಸ್ವರದ ದೊಡ್ಡ ತಂತಿವಾದ್ಯ) ವಾದಕರು ಮೊದಲ ಮಾತ್ರೆಯನ್ನು ಮೀಟಿ, ಪಿಯಾನೋದವರು ಸ್ವರಮೇಳವನ್ನು ಬದಲಿಸಿ ಮುಂದೆ ಸಾಗಿದ ಮೇಲೆ, ಹಿಂದೆ ಉಳಿದ ಸಾಲಿನ ಕೊನೆಯ ಪದವನ್ನು ಅವರು ಹೇಳುತ್ತಾರೆ. ಮೊದಮೊದಲು ಇದು ನನಗೆ ಅಸಹನೆ ತರಿಸಿತು. ಮೂರನೆಯ ತಿಂಗಳೋ ನಾಲ್ಕನೆಯ ತಿಂಗಳೋ, ಒಂದು ರಾತ್ರಿ ಸಾಹಿತ್ಯವನ್ನು ಮಾತಿನಂತೆ ಕೇಳಿಸಿಕೊಂಡಾಗ ವಿಷಯ ಹೊಳೆಯಿತು: ಹೇಳಲು ಕಷ್ಟವಾದ ಮಾತನ್ನು ಹೇಳುವ ಮನುಷ್ಯ ನಡುವೆ ನಿಲ್ಲುವಂತೆಯೇ ಅವರು ನಿಲ್ಲುತ್ತಾರೆ. ನಿಂತ ಮೇಲೆ ಬರುವ ಪದದ ಉಚ್ಚಾರಣೆ ಎಷ್ಟು ಸ್ವಚ್ಛವೆಂದರೆ, ಇಂಗ್ಲಿಷ್ ಹಾಡುಗಳ ಸಾಹಿತ್ಯವನ್ನು ಬರೆದಿಟ್ಟುಕೊಂಡೇ ಕೇಳುತ್ತಿದ್ದ ನನಗೆ ಇವರ ಹಾಡುಗಳಿಗೆ ಕಾಗದ ಬೇಕಾಗಲಿಲ್ಲ.

ಮೂರು ಆಲ್ಬಮ್‌ಗಳಲ್ಲಿ ಮೊದಲನೆಯದು, 1962ರಲ್ಲಿ ಮುದ್ರಣಗೊಂಡ ‘ಫಾಲಿಂಗ್ ಇನ್ ಲವ್ ಈಸ್ ವಂಡರ್‌ಫುಲ್’. ಗಾಯಕ ರೇ ಚಾರ್ಲ್ಸ್ ತಮ್ಮ ಟ್ಯಾಂಜರೀನ್ ಧ್ವನಿಮುದ್ರಣ ಕಂಪನಿಗಾಗಿ ಇದನ್ನು ಮಾಡಿಸಿದರು, ಪಿಯಾನೋವನ್ನೂ ತಾವೇ ನುಡಿಸಿದರು. ವಾದ್ಯಸಂಯೋಜನೆ ಮಾರ್ಟಿ ಪೇಯ್ಚ್ ಮತ್ತು ಜೆರಾಲ್ಡ್ ವಿಲ್ಸನ್ ಅವರದು. ಹೊದಿಕೆಯ ಮೇಲೆ ಗಾಯಕರ ಚಿತ್ರವಿಲ್ಲ, ಯಾರೋ ಒಂದು ಜೋಡಿಯ ಚಿತ್ರವಿದೆ. ಆಲ್ಬಮ್ ಅಂಗಡಿಗೆ ಬಂದ ಕೆಲವೇ ದಿನಗಳಲ್ಲಿ ಸವಾಯ್ ಎಂಬ ಇನ್ನೊಂದು ಧ್ವನಿಮುದ್ರಣ ಕಂಪನಿಯ ಒಡೆಯರಾದ ಹರ್ಮನ್ ಲುಬಿನ್ಸ್ಕಿ, ಸ್ಕಾಟ್ ಇನ್ನೂ ತಮ್ಮ ಒಪ್ಪಂದಕ್ಕೆ ಒಳಪಟ್ಟಿದ್ದಾರೆಂದು ತಕರಾರು ತೆಗೆದಿದ್ದರಿಂದ ಅದನ್ನು ಹಿಂದಕ್ಕೆ ಪಡೆಯಲಾಯಿತು. ಅದು ಮತ್ತೆ ಸಿ.ಡಿ.ಯಾಗಿ ಕೇಳುಗರಿಗೆ ಸಿಕ್ಕಿದ್ದು ಸುಮಾರು ನಲವತ್ತು ವರ್ಷಗಳ ಬಳಿಕ, ಅದೂ ಸೀಮಿತ ಸಂಖ್ಯೆಯಲ್ಲಿ. ನಾನು ವಿದೇಶದ ಮಾರಾಟಗಾರರೊಬ್ಬರಿಂದ ಹಳೆಯ ಪ್ರತಿಯೊಂದನ್ನು ತರಿಸಿಕೊಂಡೆ. ಸುಂಕ ಸೇರಿ ಅದರ ಬೆಲೆ ನನ್ನ ಅಂದಾಜು ಮೀರಿತು, ಜೊತೆಗಿರಬೇಕಾದ ಕಿರುಪುಸ್ತಕವೂ ಇರಲಿಲ್ಲ. ಆ ಬೇಸರ ಮೊದಲ ಹಾಡು ಮುಗಿಯುವ ಹೊತ್ತಿಗೆ ಹೋಯಿತು.

ಕಂಠದ ದೃಷ್ಟಿಯಿಂದ ನೋಡಿದರೆ ಸ್ಕಾಟ್ ಅವರ ಶ್ರೇಷ್ಠ ಮುದ್ರಣ ಇದೇ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಉಸಿರು ತುಂಬಿದೆ, ಮೇಲಿನ ಸ್ವರಗಳು ಆಯಾಸವಿಲ್ಲದೆ ಬರುತ್ತವೆ, ಶ್ರುತಿಯ ಮೇಲಿನ ಹಿಡಿತ ಎಲ್ಲಿಯೂ ಸಡಿಲವಾಗುವುದಿಲ್ಲ. ‘ವೈ ಟ್ರೈ ಟು ಚೇಂಜ್ ಮಿ ನೌ’ ಹಾಡಿನಲ್ಲಿ, ತನ್ನನ್ನು ಬದಲಾಯಿಸಲು ಹೊರಟವರನ್ನು ಕೇಳುವ ಪ್ರಶ್ನೆಯನ್ನು ಅವರು ಸಿಟ್ಟಿಲ್ಲದೆ, ದೈನ್ಯವಿಲ್ಲದೆ ಕೇಳುತ್ತಾರೆ. ಇದೇ ಹಾಡನ್ನು ಎಷ್ಟೋ ದೊಡ್ಡ ಗಾಯಕರು ಹಾಡಿದ್ದಾರೆ. ಪ್ರಶ್ನೆ ನಿಜವಾಗಿ ಪ್ರಶ್ನೆಯಾಗಿ ಕೇಳಿಸಿದ್ದು ನನಗೆ ಇಲ್ಲಿ. ಒಂದೇ ಆಕ್ಷೇಪವೆಂದರೆ ತಂತಿವಾದ್ಯಗಳ ಸಮೂಹ ಆಗಾಗ ಅಗತ್ಯಕ್ಕಿಂತ ಸಿಹಿಯಾಗುತ್ತದೆ. ಸ್ಕಾಟ್ ಬಿಟ್ಟ ಮೌನವನ್ನು ಪಿಟೀಲುಗಳು ತುಂಬಲು ಬಂದಾಗಲೆಲ್ಲ ಅವು ಸುಮ್ಮನಿರಬಾರದಿತ್ತೇ ಎನಿಸುತ್ತದೆ.

ಎರಡನೆಯದಾದ ‘ದಿ ಸೋರ್ಸ್’ ಹೆಚ್ಚು ಹೆಸರು ಮಾಡಿದ್ದಲ್ಲ, ಆದರೆ ನಾನು ಅತಿ ಹೆಚ್ಚು ಸಲ ಕೇಳಿರುವುದು ಇದನ್ನೇ. 1969ರಲ್ಲಿ ಅಟ್ಲಾಂಟಿಕ್ ಕಂಪನಿಗಾಗಿ ಜೋಯೆಲ್ ಡಾರ್ನ್ ಇದನ್ನು ನಿರ್ಮಿಸಿದರು. ಹಳೆಯ ಒಪ್ಪಂದದ ತಕರಾರು ಮತ್ತೆ ಅಡ್ಡ ಬಂದು ಇದೂ ಮಾರುಕಟ್ಟೆಯಲ್ಲಿ ನಿಲ್ಲಲಿಲ್ಲ. ಎಂಟೇ ಹಾಡುಗಳಿವೆ. ಇತರರು ಹಗುರವಾಗಿ ತೂಗುತ್ತ ಹಾಡುವ ‘ಡೇ ಬೈ ಡೇ’ಯನ್ನು ಸ್ಕಾಟ್ ಎಷ್ಟು ನಿಧಾನಕ್ಕೆ ಇಳಿಸುತ್ತಾರೆಂದರೆ, ದಿನದಿಂದ ದಿನಕ್ಕೆ ಪ್ರೀತಿ ಬೆಳೆಯುತ್ತದೆ ಎಂಬ ಸಾಲಿನಲ್ಲಿ ದಿನಗಳು ಒಂದೊಂದಾಗಿ ಕಳೆಯುವುದು ಕೇಳಿಸುತ್ತದೆ. ‘ಅನ್‌ಚೈನ್ಡ್ ಮೆಲಡಿ’ಯನ್ನು ಕೂಗಿ ಗೆಲ್ಲುವ ಹಾಡೆಂದು ತಿಳಿದವರು ಒಮ್ಮೆ ಇಲ್ಲಿ ಕೇಳಬೇಕು.

ಈ ಆಲ್ಬಮ್‌ನ ‘ಸಮ್‌ಟೈಮ್ಸ್ ಐ ಫೀಲ್ ಲೈಕ್ ಎ ಮದರ್‌ಲೆಸ್ ಚೈಲ್ಡ್’ ಗುಲಾಮಗಿರಿಯ ಕಾಲದಿಂದ ಬಂದ ಕಪ್ಪು ಜನರ ಹಾಡು. ಸ್ಕಾಟ್ ಹದಿಮೂರು ವರ್ಷದವರಿದ್ದಾಗ ಅವರ ತಾಯಿ ವಾಹನ ಅಪಘಾತದಲ್ಲಿ ತೀರಿಕೊಂಡರು, ಹತ್ತು ಮಕ್ಕಳಿದ್ದ ಮನೆ ಚದುರಿಹೋಯಿತು. ಈ ಸಂಗತಿ ತಿಳಿಯುವ ಮೊದಲೂ ನಾನು ಈ ಹಾಡನ್ನು ವರ್ಷದಷ್ಟು ಕಾಲ ಕೇಳಿದ್ದೆ. ತಿಳಿದ ಮೇಲೆ ಹಾಡು ದೊಡ್ಡದಾಯಿತೆಂದು ಹೇಳಲಾರೆ, ಏಕೆಂದರೆ ಹೇಳಬೇಕಾದುದೆಲ್ಲ ಆಗಲೇ ಅದರಲ್ಲಿತ್ತು. ಅಳುವಿನ ಅನುಕರಣೆ ಇಲ್ಲಿ ಎಲ್ಲಿಯೂ ಇಲ್ಲ. ದೂರದಲ್ಲಿ ನಿಂತವರಿಗೆ ವಿಷಯ ತಿಳಿಸುವಂತೆ ಅವರು ನೇರವಾಗಿ ಹಾಡುತ್ತಾರೆ, ಕೇಳುವವರಿಗೆ ತಡೆದುಕೊಳ್ಳುವುದು ಕಷ್ಟವಾಗುತ್ತದೆ. ಈ ಹಾಡನ್ನು ನಾನು ತಿಂಗಳಿಗೊಮ್ಮೆಗಿಂತ ಹೆಚ್ಚು ಹಾಕುವುದಿಲ್ಲ.

ಆ ಬಳಿಕ ಸ್ಕಾಟ್ ಕ್ಲೀವ್‌ಲ್ಯಾಂಡ್‌ನಲ್ಲಿ ಆಸ್ಪತ್ರೆಯ ಸಹಾಯಕರಾಗಿ, ಹೋಟೆಲಿನ ಗುಮಾಸ್ತರಾಗಿ ವರ್ಷಗಟ್ಟಲೆ ದುಡಿದರು. 1991ರಲ್ಲಿ ಗೀತರಚನಕಾರ ಡಾಕ್ ಪೋಮಸ್ ಅವರ ಅಂತ್ಯಸಂಸ್ಕಾರದಲ್ಲಿ ಅವರು ಹಾಡಿದ್ದನ್ನು ಕೇಳಿದ ಸೈರ್ ಧ್ವನಿಮುದ್ರಣ ಕಂಪನಿಯ ಸೀಮೋರ್ ಸ್ಟೈನ್, ಸ್ಕಾಟ್ ಅವರೊಡನೆ ಒಪ್ಪಂದ ಮಾಡಿಕೊಂಡರು. ಅದರ ಫಲವೇ 1992ರ ‘ಆಲ್ ದ ವೇ’. ಗಾಯಕರಿಗೆ ಆಗ ಅರವತ್ತೇಳು ವರ್ಷ. ಪಿಯಾನೋದಲ್ಲಿ ಕೆನ್ನಿ ಬ್ಯಾರನ್, ಬಾಸ್‌ನಲ್ಲಿ ರಾನ್ ಕಾರ್ಟರ್, ಡ್ರಮ್ಸ್‌ನಲ್ಲಿ ಗ್ರೇಡಿ ಟೇಟ್ ಇದ್ದಾರೆ. ತಂತಿವಾದ್ಯಗಳ ಸಂಯೋಜನೆ ಜಾನಿ ಮ್ಯಾಂಡೆಲ್ ಅವರದು, ಮತ್ತು ಈ ಸಲ ಅವು ತಮ್ಮ ಮಿತಿ ಅರಿತಿವೆ. ಕೆನ್ನಿ ಬ್ಯಾರನ್ ಅವರ ತಾಳ್ಮೆಯನ್ನು ಪ್ರತ್ಯೇಕವಾಗಿ ಹೇಳಬೇಕು. ಪದ ಬರುತ್ತದೆಂದು ಊಹಿಸಿ ಮುಂದೆ ಓಡದೆ, ಬರಲಿಲ್ಲವೆಂದು ಹಿಂದಕ್ಕೆ ಎಳೆಯದೆ ಅವರು ಕಾಯುವ ರೀತಿ, ಒಳ್ಳೆಯ ಪಕ್ಕವಾದ್ಯ ಎಂದರೇನು ಎಂಬುದನ್ನು ನನಗೆ ಹೊಸದಾಗಿ ಕಲಿಸಿತು.

‘ಸಮ್‌ಒನ್ ಟು ವಾಚ್ ಓವರ್ ಮಿ’ ಹಾಡು 1962ರ ಆಲ್ಬಮ್‌ನಲ್ಲೂ ಇದೆ, ಇಲ್ಲಿಯೂ ಇದೆ. ಎರಡನ್ನೂ ಒಂದರ ಹಿಂದೆ ಒಂದು ಕೇಳುವುದು ನನ್ನ ಹಳೆಯ ರೂಢಿ. ಮೊದಲಿನದರಲ್ಲಿ, ತನ್ನನ್ನು ನೋಡಿಕೊಳ್ಳುವವರು ಬಂದೇ ಬರುತ್ತಾರೆಂಬ ನಂಬಿಕೆ ಕಂಠದ ಬಲದಲ್ಲಿಯೇ ಇದೆ. ಮೂವತ್ತು ವರ್ಷಗಳ ನಂತರದ್ದರಲ್ಲಿ ಕಂಠ ಸ್ವಲ್ಪ ಒಣಗಿದೆ, ನಡುಕ ಸೇರಿದೆ, ಉದ್ದ ಸ್ವರಗಳು ಮೊದಲೇ ಮುಗಿಯುತ್ತವೆ; ಆದರೂ ಪದಗಳ ನಡುವಿನ ಅಂತರ ಇನ್ನೂ ಧೈರ್ಯದಿಂದ ಹಿಗ್ಗಿದೆ. ಒಂದನ್ನೇ ಇಟ್ಟುಕೊಳ್ಳಬೇಕೆಂದರೆ ನಾನು ಎರಡನೆಯದನ್ನು ಇಟ್ಟುಕೊಳ್ಳುತ್ತೇನೆ.

ಉಳಿದವುಗಳ ಬಗ್ಗೆ ಚಿಕ್ಕದಾಗಿ. 1950ರ ದಶಕದ ಸವಾಯ್ ಮುದ್ರಣಗಳು ಚರಿತ್ರೆಯಲ್ಲಿ ಆಸಕ್ತಿ ಇದ್ದವರಿಗೆ ಬೇಕು. ಅವಸರದ ಕೆಲಸವೆಂಬುದು ಕೆಲವು ಹಾಡುಗಳಲ್ಲಿ ತಿಳಿಯುತ್ತದೆ. 1996ರ ‘ಹೆವನ್’ ಬಹುಪಾಲು ಭಕ್ತಿಭಾವದ ಹಾಡುಗಳ ಸಂಗ್ರಹ, ಜಾಕಿ ಟೆರಾಸನ್ ಅವರ ಪಿಯಾನೋ ಜೊತೆಗಿದೆ, ಬೆಳಗಿನ ಹೊತ್ತಿಗೆ ಚೆನ್ನ. 1998ರ ‘ಹೋಲ್ಡಿಂಗ್ ಬ್ಯಾಕ್ ದಿ ಇಯರ್ಸ್’ನಲ್ಲಿ ಹೊಸ ಕಾಲದ ಪಾಪ್ ಹಾಡುಗಳಿವೆ. ‘ಜೆಲಸ್ ಗೈ’ ನನಗೆ ಇಷ್ಟವಾಯಿತು, ಒಟ್ಟು ಆಲ್ಬಮ್ ಅಷ್ಟಾಗಿ ಇಷ್ಟವಾಗಲಿಲ್ಲ. 2000ದ ನಂತರದ ಆಲ್ಬಮ್‌ಗಳಲ್ಲಿ ಕಂಠದ ಕಂಪನ ಬಹಳ ಅಗಲವಾಗಿದೆ, ಹೊಸಬರು ಅಲ್ಲಿಂದ ಆರಂಭಿಸಬಾರದು.

ಬಳಕೆಯ ಕೆಲವು ಮಾತುಗಳನ್ನು ಸೇರಿಸಬೇಕು. ಮೊಬೈಲಿನ ಸ್ಪೀಕರ್‌ನಲ್ಲಿ ಈ ಹಾಡುಗಳನ್ನು ದಯವಿಟ್ಟು ಕೇಳಬೇಡಿ. ಅಲ್ಲಿ ಬಾಸ್ ಕೇಳಿಸುವುದಿಲ್ಲ. ಬಾಸ್ ಕೇಳಿಸದಿದ್ದರೆ ತಾಳ ಎಲ್ಲಿದೆ ಎಂಬುದೇ ತಿಳಿಯದೆ, ಸ್ಕಾಟ್ ಅವರ ತಡ ಬರೀ ತಪ್ಪಿನಂತೆ ತೋರುತ್ತದೆ. ನಾನು ಆರಂಭದಲ್ಲಿ ಅಸಹನೆಗೊಂಡದ್ದಕ್ಕೂ ಇದು ಒಂದು ಕಾರಣವಾಗಿತ್ತು. ಸಾಧಾರಣವಾದ ಹೆಡ್‌ಫೋನ್ ಸಾಕು, ಕೋಣೆಯಲ್ಲಿ ಎರಡು ಸಣ್ಣ ಸ್ಪೀಕರ್ ಇಟ್ಟು ಕಡಿಮೆ ಸದ್ದಿನಲ್ಲಿ ಕೇಳಿದರೆ ಇನ್ನೂ ಒಳ್ಳೆಯದು. ಅಂತರ್ಜಾಲದ ಸಂಗೀತ ಸೇವೆಗಳಲ್ಲಿ ಹುಡುಕುವಾಗ ‘ಜಿಮ್ಮಿ ಸ್ಕಾಟ್’ ಮತ್ತು ‘ಲಿಟ್ಲ್ ಜಿಮ್ಮಿ ಸ್ಕಾಟ್’ ಎಂಬ ಎರಡೂ ಹೆಸರುಗಳಲ್ಲಿ ಹುಡುಕಬೇಕು, ಏಕೆಂದರೆ ಹಳೆಯ ಮುದ್ರಣಗಳು ಎರಡನೆಯ ಹೆಸರಿನಲ್ಲಿವೆ. ಹೆಚ್ಚಿನ ಹಾಡುಗಳ ನಡೆ ಒಂದೇ ತೆರನಾಗಿ ನಿಧಾನವಾಗಿರುವುದರಿಂದ ಇಡೀ ಆಲ್ಬಮ್ ಒಂದೇ ಸಲ ಕೇಳಿದರೆ ಮನಸ್ಸು ದಣಿಯುತ್ತದೆ. ನನ್ನ ಅಳತೆ ಒಂದು ಸಂಜೆಗೆ ಮೂರೋ ನಾಲ್ಕೋ ಹಾಡು.

ಹೊಸಬರು ‘ಆಲ್ ದ ವೇ’ ಇಂದ ಆರಂಭಿಸಿ, ಅದು ಹಿಡಿಸಿದರೆ ‘ದಿ ಸೋರ್ಸ್’ಗೆ ಹೋಗಿ, 1962ರ ಆಲ್ಬಮ್ ಅನ್ನು ಆ ಬಳಿಕ ಕೊಳ್ಳಬೇಕೆಂಬುದು ನನ್ನ ಸಲಹೆ. ಸ್ಕಾಟ್ 2007ರಲ್ಲಿ ಅಮೆರಿಕ ಸರ್ಕಾರದ ಕಲಾ ಸಂಸ್ಥೆಯಿಂದ ಜಾಝ್ ಮಾಸ್ಟರ್ ಗೌರವ ಪಡೆದರು, 2014ರ ಜೂನ್ 12ರಂದು ಲಾಸ್ ವೇಗಸ್‌ನಲ್ಲಿ ತಮ್ಮ 88ನೆಯ ವಯಸ್ಸಿನಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಹಾಡಿದ್ದನ್ನು ಒಳಗೊಂಡ ‘ಐ ಗೋ ಬ್ಯಾಕ್ ಹೋಮ್’ 2017ರಲ್ಲಿ ಬಂತು. ಕೆನ್ನಿ ಬ್ಯಾರನ್ ಅಲ್ಲಿಯೂ ಇದ್ದಾರೆ. ಕಂಠ ಬಹುಪಾಲು ಕ್ಷೀಣಿಸಿರುವ ಆ ಆಲ್ಬಮ್ ಅನ್ನು, ಮೇಲಿನ ಮೂರೂ ಬಾಯಿಪಾಠವಾಗುವಷ್ಟು ಕೇಳಿದ ಮೇಲೆ ಮಾತ್ರ ಕೇಳಿ. ಆಗ ಅವರು ಹಾಡದೆ ಬಿಟ್ಟ ಸ್ವರಗಳೂ ನಿಮಗೆ ಕೇಳಿಸುತ್ತವೆ.