ಕನ್ನಡ ಬುಕ್‌ಪ್ಲೇಟ್ ಬೇಕಾ? ಬಸವನಗುಡಿಗೆ ಹೋಗಿ

ಕನ್ನಡದಲ್ಲಿ ಬುಕ್‌ಪ್ಲೇಟ್ ಮಾಡಿಸಬೇಕು ಅಂತಿದ್ದರೆ ಬಸವನಗುಡಿಯ ಈ ಪುಟ್ಟ ಅಂಗಡಿಗೆ ಧೈರ್ಯವಾಗಿ ಹೋಗಿ. ಗಾಂಧಿ ಬಜಾರಿನ ಹಿಂದಿನ ಬೀದಿ. ಮಹಡಿ ಮೇಲೆ ಅಕ್ಷರ ಬರೆಯುವ ಮೇಡಂ, ಕೆಳಗೆ ಅವರ ಅಣ್ಣನ ಟ್ರೆಡಲ್ ಪ್ರೆಸ್, ಅಂದರೆ ಕಾಲಲ್ಲಿ ತುಳಿದು ನಡೆಸುವ ಹಳೇ ಕಾಲದ ಅಚ್ಚಿನ ಯಂತ್ರ. ಬುಕ್‌ಪ್ಲೇಟ್ ಅಂದರೆ ಪುಸ್ತಕದ ಒಳರಟ್ಟಿಗೆ ಅಂಟಿಸುವ ಹೆಸರಿನ ಚೀಟಿ.

ನಾನು ಮಾಡಿಸಿದ್ದು ನಮ್ಮ ಮಾವನವರಿಗೆ. ಹೆಸರು ರಾಧಾಕೃಷ್ಣ. ಮನೆ ತುಂಬ ಪುಸ್ತಕ, ಕೇಳಿದವರಿಗೆಲ್ಲ ಕೊಡುತ್ತಾರೆ, ವಾಪಸ್ ಬರುವುದು ಕಡಿಮೆ. ಮೊದಲು ಬೇರೆ ಕಡೆ ಡಿಟಿಪಿ ಮಾಡಿಸಿ ನೋಡಿದ್ದೆ. ಸುತ್ತ ಬಳ್ಳಿಯ ಬಾರ್ಡರ್, ನಡುವೆ ದಪ್ಪ ಫಾಂಟು. ತಾಂಬೂಲದ ಚೀಲದ ಮೇಲಿನ ಹೆಸರಿನ ಹಾಗೆ ಕಾಣುತ್ತಿತ್ತು. ಅದು ಫಾಂಟಿನ ತಪ್ಪಲ್ಲ. ಅದರ ಒಂದೊಂದು ಅಕ್ಷರವೂ ಪಕ್ಕದಲ್ಲಿ ಯಾವುದು ಬಂದರೂ ಹೊಂದಿಕೊಳ್ಳಬೇಕು. ಕೈಬರಹಕ್ಕೆ ಆ ಕಟ್ಟುಪಾಡಿಲ್ಲ. ಈ ಒಂದು ಹೆಸರು ಚೆನ್ನಾಗಿ ಕೂತರೆ ಸಾಕು.

ಸುಮ್ನೆ ಒಮ್ಮೆ 'ರಾಧಾಕೃಷ್ಣ' ಅಂತ ಬರೆದು ನೋಡಿ. ಮೊದಲರ್ಧ ಗೆರೆಯ ಮೇಲೇ ನಿಲ್ಲುತ್ತೆ. ಕೊನೆಯರ್ಧದಲ್ಲಿ ವಟ್ರಸುಳಿ, ಅದರ ಬೆನ್ನಿಗೇ ಣ ಒತ್ತು, ಭಾರವೆಲ್ಲ ಕೆಳಗೆ ಬಲಕ್ಕೆ. "ಒತ್ತು ಎಲ್ಲಿಳಿಯುತ್ತೆ ಅಂತ ಮೊದಲು ನೋಡ್ಬೇಕು ಸಾರ್, ತಲೆಕಟ್ಟು ಆಮೇಲೆ" ಅಂದರು ಮೇಡಂ. ವಟ್ರಸುಳಿಯನ್ನು ಚಿಕ್ಕದು ಮಾಡಿ ಕ ಅಕ್ಷರಕ್ಕೆ ಒತ್ತಿಕೊಂಡ ಹಾಗೆ ಇಟ್ಟು, ಣ ಒತ್ತನ್ನು ಅಗಲವಾಗಿ ಎಡಕ್ಕೆ ಎಳೆದು, ಖಾಲಿ ಉಳಿದಿದ್ದ 'ರಾಧಾ' ಕೆಳಗೆ ಎರಡನೇ ಸಾಲನ್ನು ತಂದು ಕೂರಿಸಿದ್ದಾರೆ. ಈಗ ಹೆಸರು ಯಾವ ಕಡೆಗೂ ವಾಲುವುದಿಲ್ಲ. ಅಗಲ ಮೂತಿಯ ನಿಬ್ಬಿನಲ್ಲಿ ಬರೆದದ್ದು, ಹಾಗಾಗಿ ದಪ್ಪ ಸಣ್ಣ ತಾನಾಗಿಯೇ ಬಂದಿದೆ.

ಆ ಎರಡನೇ ಸಾಲಿನದೂ ಒಂದು ಕಥೆ. ಬುಕ್‌ಪ್ಲೇಟ್ ಹುಟ್ಟಿದ್ದು 15ನೇ ಶತಮಾನದ ಜರ್ಮನಿಯಲ್ಲಿ. 1500ರ ಆಸುಪಾಸಿನಲ್ಲಿ ಅಲ್ಲಿನ ಕಲಾವಿದ ಡ್ಯೂರರ್ ತನ್ನ ಗೆಳೆಯ ಪಿರ್ಕ್‌ಹೈಮರನಿಗೆ ಮಾಡಿಕೊಟ್ಟ ಬುಕ್‌ಪ್ಲೇಟಿನಲ್ಲಿ 'ತನಗೂ ಗೆಳೆಯರಿಗೂ' ಅಂತ ಲ್ಯಾಟಿನ್‌ನಲ್ಲಿ ಇದೆ. ಪುಸ್ತಕ ಹಂಚುವ ನಮ್ಮ ಮಾವನವರಿಗೆ ಇದಕ್ಕಿಂತ ಒಳ್ಳೆ ಮಾತು ಬೇಕಾ? ಅದನ್ನೇ ಹಾಕಿಸಿದೆ. ಚಿತ್ರ, ಲಾಂಛನ ಏನೂ ಬೇಡ ಅಂದೆ. ಮೇಡಂಗೆ ಖುಷಿಯಾಯಿತು. ಬರೀ ಅಕ್ಷರದಲ್ಲೇ ಬುಕ್‌ಪ್ಲೇಟ್ ಮಾಡುತ್ತಿದ್ದ ಇಂಗ್ಲೆಂಡಿನ ರೆನಾಲ್ಡ್ಸ್ ಸ್ಟೋನ್ ಅವರ ಕೆಲಸ ತೆಗೆದು ತೋರಿಸಿದರು. ಆತ ಅಕ್ಷರಗಳನ್ನು ಮರದಲ್ಲಿ ಉಲ್ಟಾ ಕೆತ್ತುತ್ತಿದ್ದರು. ಹೆಸರೇ ಅಲ್ಲಿ ಚಿತ್ರ.

ಇನ್ನು ಕೊರತೆ. ಮೊದಲ ಲಾಟಿನಲ್ಲಿ ಇಂಕು ಜಾಸ್ತಿಯಾಗಿ ಧ ಅಕ್ಷರದ ಹೊಟ್ಟೆ ಸೀಳು ಮುಚ್ಚಿಹೋಗಿತ್ತು. ರಾಧಾ ಹೋಗಿ 'ರಾದಾ' ಆಗಿತ್ತು. ಮೂರು ನಾಲ್ಕು ಇಂಚಿನ ಚೀಟಿಯಲ್ಲಿ ಆ ಸೀಳು ಕೂದಲೆಳೆಯಷ್ಟೇ, ಆದರೆ ಒಬ್ಬರ ಹೆಸರು ಅಲ್ವಾ, ಬಿಡೋಕಾಗುತ್ತಾ? ತೋರಿಸಿದ ಕೂಡಲೇ ಮೇಡಂ ಸೀಳನ್ನು ಅಗಲ ಮಾಡಿ ಬರೆದು, ಹೊಸ ಬ್ಲಾಕ್ (ಅಚ್ಚು ಹೊಡೆಯುವ ಪಡಿಯಚ್ಚು) ಮಾಡಿಸಿ, ದುಡ್ಡು ಕೇಳದೆ ಮತ್ತೆ ಹೊಡೆಸಿಕೊಟ್ಟರು. ಇದಕ್ಕೇ ಅವರ ಮೇಲೆ ಗೌರವ ಹೆಚ್ಚಾಯಿತು. ಆದರೂ ಪ್ರೂಫನ್ನು ಮೊಬೈಲಿನಲ್ಲಿ ನೋಡಿ ಓಕೆ ಅನ್ನಬೇಡಿ, ಅಲ್ಲಿ ಎಲ್ಲವೂ ದೊಡ್ಡದಾಗಿ ಕಾಣುತ್ತೆ. ಅದೇ ಅಳತೆಯಲ್ಲಿ, ಅದೇ ಕಾಗದದ ಮೇಲೆ ನೋಡಿ.

ಸ್ಟಿಕರ್ ಹಾಳೆಯೂ ಇಟ್ಟಿದ್ದಾರೆ. ಬೇಡ. ಅದರ ಗಮ್ ವರ್ಷ ಕಳೆದಂತೆ ಹಳದಿಯಾಗಿ ರಟ್ಟಿಗೂ ಹತ್ತುತ್ತೆ. ಆಸಿಡ್ ಇಲ್ಲದ ಕಾಗದ ಕೇಳಿ, ಗಂಜಿಯಂಟಿನಲ್ಲಿ ತೆಳ್ಳಗೆ ಅಂಟಿಸಿ. ಬೇಕಾದಾಗ ಒದ್ದೆ ಮಾಡಿ ಬಿಡಿಸಬಹುದು. ಪೂರ್ತಿ ಒಣಗಿದ ಮೇಲೇ ಪುಸ್ತಕ ಮುಚ್ಚಿ.

ಬರಹಕ್ಕೆ 2,500 ರೂಪಾಯಿ, 200 ಚೀಟಿಗೆ 1,800. ಕಡಿಮೆ ಏನಲ್ಲ, ಆದರೆ ಬರಹ, ಬ್ಲಾಕ್ ಎರಡೂ ನಮ್ಮ ಕೈಗೇ ಕೊಡುತ್ತಾರೆ. ಮತ್ತೆ ಹೊಡೆಸುವಾಗ ಅಚ್ಚಿನ ಖರ್ಚು ಮಾತ್ರ. ಭಾನುವಾರ ರಜೆ. ಮದುವೆ ಸೀಸನ್ನಿನಲ್ಲಿ ಪ್ರೆಸ್ ಬಿಡುವಿರಲ್ಲ, ಮೊದಲೇ ಫೋನ್ ಮಾಡಿ.