ಎಸ್‌ಎಸ್‌ಡಿ ಹಾಕಿಸೋಕೆ ಹಾಸನಕ್ಕೆ ಹೋಗಿ ಅಪ್ಪನ ಶುಂಠಿ ಲೆಕ್ಕ ಕಳ್ಕೊಂಡು ಬಂದೆ

ಗೇಮಿಂಗ್ ಲ್ಯಾಪ್‌ಟಾಪಿಗೆ ಎರಡನೇ ಎಸ್‌ಎಸ್‌ಡಿ (ಫೈಲು, ಗೇಮೆಲ್ಲ ಕೂರೋ ಡಿಸ್ಕು) ಹಾಕಿಸ್ಬೇಕು ಅಂತಿರೋರು ಅಂಗಡಿ ಮೆಟ್ಟಿಲು ಹತ್ತೋ ಮುಂಚೆ ಇದನ್ನೊಂದ್ಸಲ ಓದಿ. ಅಂಗಡಿ ಹೆಸರು ಬೇಡ. ಆ ಹುಡುಗನಿಗೂ ಹೊಟ್ಟೆಪಾಡು, ತಪ್ಪಲ್ಲಿ ನನ್ನ ಪಾಲೂ ಇದೆ.

ನಮ್ಮದು ಆಲೂರು ಕಡೆ ಹಳ್ಳಿ. ಲ್ಯಾಪ್‌ಟಾಪಲ್ಲಿ ಇದ್ದಿದ್ದು 512 ಜಿಬಿ. ಒಂದೊಂದು ಗೇಮೇ 100 ಜಿಬಿ ದಾಟೋ ಕಾಲದಲ್ಲಿ ಅದು ಯಾವ ಮೂಲೆಗೆ ಸಾಕು? ಒಳಗೆ ಇನ್ನೊಂದು ಎಂ.2 ಸ್ಲಾಟ್, ಅಂದ್ರೆ ಚಪ್ಪಟೆ ಎಸ್‌ಎಸ್‌ಡಿ ಕೂರಿಸೋ ಜಾಗ, ಖಾಲಿ ಇರೋದು ಗೊತ್ತಿತ್ತು. ಒಂದು ಶನಿವಾರ ಬಸ್ ಹತ್ತಿ ಹಾಸನಕ್ಕೆ ಹೋದೆ. "ಅರ್ಧ ಗಂಟೆ ಕೆಲ್ಸ ಅಣ್ಣ, ಕೂತ್ಕೊಳ್ಳಿ" ಅಂದ ಅಂಗಡಿ ಹುಡುಗ.

ಬಿಚ್ಚೋದ್ರಲ್ಲಿ ಅವನ ಕೈ ಪಳಗಿತ್ತು. ಯಾವ ಸ್ಕ್ರೂ ಎಲ್ಲಿಂದ ಬಂತೋ ಅದೇ ಆಕಾರದಲ್ಲಿ ಮೇಜಿನ ಮೇಲೆ ಜೋಡಿಸಿದ, ಹಳೇ ಎಟಿಎಂ ಕಾರ್ಡು ತೂರಿಸಿ ಸುತ್ತಲಿನ ಲಾಕ್ ಟಕಟಕ ಬಿಡಿಸಿದ, ಬೇರೆ ಯಾವುದನ್ನೂ ಮುಟ್ಟೋ ಮುಂಚೆ ಬ್ಯಾಟರಿ ಕನೆಕ್ಟರ್ ಕಿತ್ತ. ನೋಡಿ ನಂಬಿಕೆ ಬಂತು. ಎಡವಟ್ಟಾಗಿದ್ದು ಎಸ್‌ಎಸ್‌ಡಿಯಲ್ಲಿ. ಡಬ್ಬದ ಮೇಲೆ "ಎಂ.2 2280" ಅಂತಿತ್ತು, ನಾನೂ ಅಷ್ಟೇ ನೋಡಿ ತಲೆ ಆಡಿಸಿದೆ. 2280 ಅನ್ನೋದು ಬರೀ ಅಳತೆ ಕಣ್ರೀ: 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. ಅದು ಸಾಟಾನೋ ಎನ್‌ವಿಎಂಇನೋ (ಡಿಸ್ಕು ಲ್ಯಾಪ್‌ಟಾಪಿನ ಜೊತೆ ಮಾತಾಡೋ ಎರಡು ಬೇರೆ ಬೇರೆ ಭಾಷೆ) ಅನ್ನೋದು ಬೇರೇನೇ ಕಥೆ. ಚಿನ್ನದ ಬಣ್ಣದ ಅಂಚಲ್ಲಿ ಎರಡು ಕಡೆ ಕಚ್ಚು ಇದ್ರೆ ಸಾಮಾನ್ಯವಾಗಿ ಸಾಟಾ, ಒಂದೇ ಕಚ್ಚು ಇದ್ರೆ ಎನ್‌ವಿಎಂಇ. ಅವನು ತಂದಿದ್ದಕ್ಕೆ ಎರಡಿತ್ತು. ನನ್ನ ಲ್ಯಾಪ್‌ಟಾಪಿನ ಸ್ಲಾಟು ಒಪ್ಪೋದು ಎನ್‌ವಿಎಂಇ ಮಾತ್ರ. ಮಜಾ ಏನಂದ್ರೆ, ಎರಡು ಕಚ್ಚಿನದೂ ಆ ಸ್ಲಾಟಲ್ಲಿ ಸಲೀಸಾಗಿ ಕೂರುತ್ತೆ, ಸ್ಕ್ರೂನೂ ಸರಿಯಾಗಿ ಬೀಳುತ್ತೆ. ಲ್ಯಾಪ್‌ಟಾಪಿಗೆ ಕಾಣೋದೊಂದಿಲ್ಲ.

ಕಾಣಲಿಲ್ಲ. ಡಿಸ್ಕ್ ಮ್ಯಾನೇಜ್‌ಮೆಂಟಲ್ಲೂ ಇಲ್ಲ, ಬಯಾಸಲ್ಲೂ (ವಿಂಡೋಸಿಗೂ ಮುಂಚೆ ಏಳೋ, ಲ್ಯಾಪ್‌ಟಾಪಿನ ಮೂಲ ಸೆಟ್ಟಿಂಗ್ ಇರೋ ಜಾಗ) ಇಲ್ಲ. ಅಲ್ಲಿಗೆ ಕಿತ್ತು ಕೊಟ್ಟಿದ್ರೆ ನಾನು ಇಷ್ಟೆಲ್ಲ ಬರೀತಿರಲಿಲ್ಲ. ಹುಡುಗ ಬಯಾಸ್ ಒಳಗೆ ಒಂದೊಂದೇ ಸೆಟ್ಟಿಂಗ್ ಕೆದಕ್ತಾ ಹೋದ. ವಿಎಂಡಿ ಅಂತ ಒಂದಿತ್ತು, ವಿಂಡೋಸಿಗೆ ಡಿಸ್ಕು ಯಾವ ದಾರೀಲಿ ಕಾಣ್ಬೇಕು ಅನ್ನೋದು, ಇಂಟೆಲ್ ಪ್ರೊಸೆಸರಿನ ಎಷ್ಟೋ ಲ್ಯಾಪ್‌ಟಾಪುಗಳಲ್ಲಿ ಇರುತ್ತೆ. ಅದನ್ನ ಆಫ್ ಮಾಡಿ ಸೇವ್ ಹೊಡ್ದ. ವಿಂಡೋಸ್ ಕೂತಿದ್ದು ವಿಎಂಡಿ ಆನ್ ಇದ್ದಾಗ. ರೀಸ್ಟಾರ್ಟ್ ಆಯ್ತು, ನೀಲಿ ಪರದೆ ಬಂತು: ಬಿಟ್‌ಲಾಕರ್ (ಕೀ ಇಲ್ಲದೆ ಡಿಸ್ಕು ಓದೋಕಾಗದ ಹಾಗೆ ಬೀಗ ಹಾಕೋ ವಿಂಡೋಸಿನದೇ ಸೌಲಭ್ಯ) ರಿಕವರಿ ಕೀ ಹಾಕಿ ಅಂತ, 48 ಅಂಕಿ.

"ವೈರಸ್ ಲಾಕ್ ಮಾಡಿದೆ ಅಣ್ಣ, ಫಾರ್ಮ್ಯಾಟ್ ಹೊಡೀಲೇಬೇಕು."

ಅಂಥ ಲಾಕ್ ನಾನು ಯಾವತ್ತೂ ಹಾಕಿರಲಿಲ್ಲ, ಅದಕ್ಕೇ ನಂಬಿದೆ. ಹೊರಗೆ ಮಳೆ, ಸಂಜೆ ಬಸ್ಸಿಗೆ ಹೊತ್ತಾಗ್ತಿತ್ತು. "ಹೊಡಿ" ಅಂದೆ.

ಆಮೇಲೆ ತಿಳಿದಿದ್ದು: ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಅಕೌಂಟಿಂದ ಲಾಗಿನ್ ಆದ್ರೆ ಎಷ್ಟೋ ಲ್ಯಾಪ್‌ಟಾಪಲ್ಲಿ ಡಿಸ್ಕ್ ತಾನಾಗೇ ಎನ್‌ಕ್ರಿಪ್ಟ್ ಆಗಿರುತ್ತೆ, ಕೀ ಅದೇ ಅಕೌಂಟಲ್ಲಿ ಹೋಗಿ ಕೂತಿರುತ್ತೆ. ಮಾರನೇ ದಿನ ಫೋನಲ್ಲಿ ತೆಗೆದು ನೋಡಿದೆ. ಇತ್ತು, 48 ಅಂಕಿಯೂ. ವಿಎಂಡಿ ವಾಪಸ್ ಆನ್ ಮಾಡಿದ್ರೆ ಬಹುಶಃ ಅದೂ ಬೇಕಾಗ್ತಿರಲಿಲ್ಲ. ಡೇಟಾ ರಿಕವರಿಯವರು ಎನ್‌ಕ್ರಿಪ್ಟ್ ಆಗಿದ್ದ ಎಸ್‌ಎಸ್‌ಡಿ, ಮೇಲೆ ಫಾರ್ಮ್ಯಾಟು ಅಂತ ಕೇಳಿದ್ದೇ ಕೈಚೆಲ್ಲಿದ್ರು.

ಹಾಗಾಗಿ ಮನೇಲಿ ಕೂತಾಗ್ಲೇ ನಿಮ್ಮ ಮಾಡೆಲ್ಲಿನ ಸರ್ವಿಸ್ ಮ್ಯಾನ್ಯುಅಲ್ ತೆಗೆದು ಎರಡನೇ ಸ್ಲಾಟು ಏನನ್ನ ಒಪ್ಪುತ್ತೆ ನೋಡ್ಕೊಳ್ಳಿ. ಕೀ ಅನ್ನು ಕಾಗದದಲ್ಲಿ ಬರೆದು ಬೀರುವಲ್ಲಿಡಿ, ಲ್ಯಾಪ್‌ಟಾಪ್ ಒಳಗೇ ಸೇವ್ ಮಾಡಿ ಜಾಣರಾಗಬೇಡಿ. ಬಯಾಸಲ್ಲಿ ಏನೇ ಮುಟ್ಟಿದ್ರೂ ಮೊದಲು ಹೇಗಿತ್ತು ಅಂತ ಫೋನಲ್ಲಿ ಫೋಟೊ ಹೊಡ್ಕೊಳ್ಳಿ. ಫಾರ್ಮ್ಯಾಟ್ ಅನ್ನೋ ಮಾತು ಬಂದ್ರೆ ಲ್ಯಾಪ್‌ಟಾಪ್ ಮಡಚಿ ಎದ್ದು ಬನ್ನಿ, ಬಸ್ಸು ನಾಳೇನೂ ಇರುತ್ತೆ.

ಗೇಮ್ ಹೋಗಿದ್ದಕ್ಕೆ ನನಗೆ ಬೇಜಾರಿಲ್ಲ, ಮತ್ತೆ ಇಳಿಸ್ಕೊಂಡೆ. ಹೋಗಿದ್ದು ಅಪ್ಪನ ಎಕ್ಸೆಲ್ ಶೀಟು. ಎರಡು ವರ್ಷದ ಶುಂಠಿ ಲೆಕ್ಕ: ಎಷ್ಟು ಮೂಟೆ, ಯಾವ ರೇಟು, ಯಾವ ಆಳಿಗೆ ಎಷ್ಟು ಅಡ್ವಾನ್ಸು. ಪುಸ್ತಕದಲ್ಲಿ ಬರೆಯೋದು ಬಿಡಿಸಿ ಕಂಪ್ಯೂಟರಿಗೆ ಹಾಕ್ಸಿದ್ದು ನಾನೇ. ಫೈಲಿನ ನಕಲು ಇಂಟರ್ನೆಟ್ಟಲ್ಲಿ ಇಡೋ ಒನ್‌ಡ್ರೈವಿನ ಪುಕ್ಕಟೆ 5 ಜಿಬಿ ತುಂಬಿ ಕೂಗಾಡ್ತಿದೆ ಅಂತ ಸಿಂಕ್ ಆಫ್ ಮಾಡಿದ್ದೂ ನಾನೇ.

ಅಪ್ಪ ಬೈಯಲಿಲ್ಲ. ಪೇಟೆಯಿಂದ ಒಂದು ಉದ್ದ ನೋಟ್‌ಬುಕ್ಕು ತಂದ್ರು. ಮೊನ್ನೆ ಆಳುಗಳು ಬಂದಾಗ ಜಗಲಿ ಮೇಲೆ ಕೂತು, "ನಿಂಗೆ ನಾನು ಎಷ್ಟು ಕೊಟ್ಟಿದ್ದೆ ಹೇಳಪ್ಪ" ಅಂತ ಒಬ್ಬೊಬ್ಬರನ್ನೇ ಕೇಳಿ, ಅವರು ಹೇಳಿದ್ದನ್ನೇ ಬರ್ಕೊಳ್ತಿದ್ರು.